ಹೊಸ ಲೈಟು, ಎದೆಮಟ್ಟದ ನೀರು

ನೀರಿನೊಳಗೆ ಹಿಡಿಯುವ ಲೈಟನ್ನು ಬಕೆಟ್ಟಿನಲ್ಲಿ ಮುಳುಗಿಸಿ ನೋಡಿದರೆ ಸಾಲದೇ ಎಂದು ನನ್ನನ್ನು ಕೇಳಿದವರು ಒಬ್ಬಿಬ್ಬರಲ್ಲ. ಬಕೆಟ್ಟಿನಲ್ಲಿ ನೋಡಿದ್ದೆ. ಮಧುಗಿರಿಯ ನಮ್ಮ ಮನೆಯ ಸಂಪಿನಲ್ಲೂ ನೋಡಿದ್ದೆ. ಎರಡೂ ಕಡೆ ಚೆನ್ನಾಗಿಯೇ ಉರಿಯಿತು. ಸಂಪಿನಲ್ಲಿ ಯಾವ ಲೈಟು ತಾನೇ ಕೈಕೊಡುತ್ತದೆ! ಆಳಕ್ಕೆ ಹೋದಂತೆಲ್ಲ ನೀರು ಒತ್ತುತ್ತದೆ. ಮುಚ್ಚಳದ ರಬ್ಬರ್ ಬಳೆ ಒಂದಿಷ್ಟು ಸಡಿಲವಿದ್ದರೂ ಒಳಗೆ ನುಗ್ಗುತ್ತದೆ. ಅದನ್ನು ತಿಳಿಯಲು ಆಳವೇ ಬೇಕು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ನಲವತ್ತೆಂಟನೇ ವಯಸ್ಸಿನಲ್ಲಿ, ನಗುವವರು ನಗಲಿ ಎಂದು, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದಾಳಕ್ಕೆ ಇಳಿಯುವ ಸ್ಕೂಬಾ ಕಲಿತೆ. ಹಿಂದಿನ ಸಲ ಮುಸ್ಸಂಜೆಯಲ್ಲಿ ಸಮುದ್ರಕ್ಕೆ ಇಳಿದಾಗ ಕೈಯಲ್ಲಿದ್ದ ಎರವಲು ಲೈಟು ಪಕ್ಕನೆ ಆರಿಹೋಯಿತು. ಕಣ್ಣು ಬಿಟ್ಟರೂ ಕಪ್ಪು, ಮುಚ್ಚಿದರೂ ಕಪ್ಪು. ಜೊತೆಯವರ ಕಾಲು ಹಿಡಿದುಕೊಂಡು ಹೇಗೋ ಮೇಲೆ ಬಂದೆ. ಬರುವ ಶನಿವಾರ ಮತ್ತೆ ಇಳಿಯಬೇಕಿತ್ತು. ಈ ಹೊಸ ಲೈಟಿನ ಮೇಲೆ ನಂಬಿಕೆ ಹುಟ್ಟದಿದ್ದರೆ ಆ ದಿನ ಹೋಗುವುದಿಲ್ಲ, ಇನ್ನು ಮುಂದೆಯೂ ಹೋಗುವುದಿಲ್ಲ ಎಂದು ತೀರ್ಮಾನಿಸಿದ್ದೆ. ಅದಕ್ಕೆ ಮೊದಲು ನನ್ನ ಕೈಯಲ್ಲಿ ಇದ್ದದ್ದು ಒಂದೇ ಭಾನುವಾರ.

ನಮ್ಮ ಸೀಮೆಯಲ್ಲಿ ಆಳದ ನೀರನ್ನು ಎಲ್ಲಿಂದ ತರುವುದು? ನೆನಪಾದದ್ದು ಬಡವನಹಳ್ಳಿ ಹತ್ತಿರ ಇರುವ ಸೋದರಮಾವನ ಹೊಲದ ಬಾವಿ. ಕಲ್ಲು ಕಟ್ಟಿದ ಚೌಕದ ಬಾವಿ, ಗೋಡೆಯಿಂದ ಹೊರಚಾಚಿದ ಚಪ್ಪಡಿಗಳೇ ಮೆಟ್ಟಿಲು. ವರ್ಷಗಟ್ಟಲೆ ಬತ್ತಿ ಕಸ ತುಂಬುವ ಗುಂಡಿಯಾಗಿದ್ದದ್ದು, ಈಚೆಗೆ ಮಳೆ ಹಿಡಿದು ಸುರಿದ ಮೇಲೆ ಮತ್ತೆ ನಾಲ್ಕಾಳುದ್ದ ತುಂಬಿಕೊಂಡಿತ್ತು.

ಆ ಬಾವಿಯೇ ಬೇಕೆನ್ನಲು ಇನ್ನೊಂದು ಕಾರಣವೂ ಇತ್ತು, ಸುಳ್ಳು ಯಾಕೆ ಹೇಳಲಿ. ಬೇಸಿಗೆ ರಜೆಯಲ್ಲಿ ನಮ್ಮ ಮನೆಯ ಗಂಡುಹುಡುಗರೆಲ್ಲ ಈಜು ಕಲಿತದ್ದು ಅಲ್ಲೇ. ಬೆನ್ನಿಗೆ ಒಣಗಿದ ಸೋರೆಬುರುಡೆ, ಸೊಂಟಕ್ಕೆ ಹಗ್ಗ. ಹಗ್ಗದ ತುದಿ ಹಿಡಿದು ಮಾವ ಬಾವಿಯ ಕಟ್ಟೆಯ ಮೇಲೆ ಕೂತು, "ಕಾಲ್ ಬಡೀಲಾ, ಕೈ ಚಾಚ್ಲಾ" ಎಂದು ಊರಿಗೆಲ್ಲ ಕೇಳುವಂತೆ ಕೂಗುತ್ತಿದ್ದ. ನಾನೂ ಇಳಿಯುತ್ತೇನೆ ಅಂದಾಗ, "ನೀನು ಬ್ಯಾಡ ಕಣಮ್ಮ, ಬಟ್ಟೆ ಕಾಯ್ಕಂಡು ಕುಂತ್ಕ" ಅಂದ. ಕೂತೆ. ಎಷ್ಟು ಬೇಸಿಗೆ ಹಾಗೆ ಕೂತೆನೋ ಲೆಕ್ಕವಿಲ್ಲ.

ಗುರುವಾರವೇ ಫೋನು ಮಾಡಿ ಹೇಳಿದ್ದೆ, ಭಾನುವಾರ ಬಾವಿಗಿಳಿದು ಲೈಟು ನೋಡಬೇಕು ಎಂದು. "ಬಾರಮ್ಮ, ಎಲ್ಲಾ ರೆಡಿ ಮಾಡಿರ್ತೀನಿ" ಅಂದ ಮಾವ. ಎಪ್ಪತ್ತೆಂಟರ ಮುದುಕ ಅದೇನು ರೆಡಿ ಮಾಡುತ್ತಾನೆ ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ.

ಬೆಂಗಳೂರಿನಿಂದ ಬಾಡಿಗೆಗೆ ತಂದ ಗಾಳಿಯ ಸಿಲಿಂಡರನ್ನು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹೊರಟೆ. ಬಡವನಹಳ್ಳಿಯಲ್ಲಿ ಟೀ ಕುಡಿಯಲು ನಿಲ್ಲಿಸಿದರೆ ಅಂಗಡಿಯವನು ಒಳಗೆ ಬಗ್ಗಿ ನೋಡಿ, "ಯಾರ್ಗಮ್ಮ ಹುಷಾರಿಲ್ಲ, ಆಕ್ಸಿಜನ್ ತಕಂಡೋಯ್ತಿದೀರಲ್ಲ?" ಎಂದು ಮರುಗಿದ. ಯಾರಿಗೂ ಏನೂ ಆಗಿಲ್ಲ, ನಾನೇ ಬಾವಿಗೆ ಇಳಿಯೋಕೆ ಅಂದೆ. ಅವನು ಟೀಗೆ ಕಾಸು ಬೇಡ ಅಂದುಬಿಟ್ಟ.

ಬಾವಿಯ ಹತ್ತಿರ ಹೋಗಿ ಬಗ್ಗಿ ನೋಡಿದೆ. ನೀರೇ ಇಲ್ಲ. ಇದೆ, ತಳದಲ್ಲಿ ಒಂದಿಷ್ಟು, ರಾಗಿ ಅಂಬಲಿಯ ಬಣ್ಣದ್ದು. ಅದರ ಮೇಲೆ ಇಪ್ಪತ್ತು ಅಡಿ ಒದ್ದೆ ಕಲ್ಲು.

"ಮಾವ, ನೀರೆಲ್ಲೋಯ್ತು?"

"ತ್ರೀ ಫೇಸ್ ಕರೆಂಟು ಬಂದಾಗೆಲ್ಲ ಮೋಟ್ರು ಹಾಕ್ಬುಟ್ಟೆ ಕಣಮ್ಮ. ಎಲ್ಡು ದಿನ ಇಡೀತು" ಎಂದ, ದೊಡ್ಡ ಕೆಲಸ ಮುಗಿಸಿದವನ ಮುಖ ಮಾಡಿಕೊಂಡು. "ಈಗ ಎದೆಮಟ್ಟ ಐತೆ. ಆರಾಮಾಗಿ ಇಳಿ."

ನನಗೆ ಮೈಯೆಲ್ಲ ಉರಿದುಹೋಯಿತು. ಎಷ್ಟೋ ವರ್ಷಕ್ಕೊಮ್ಮೆ ತುಂಬಿದ ಬಾವಿ! ಆ ನೀರು ಕೇಳದವರ ಹೊಲಕ್ಕೂ ನುಗ್ಗಿ, ಕಾಲುದಾರಿಯೆಲ್ಲ ಕೆಸರೆದ್ದಿತ್ತು. "ಆಳ ಬೇಕು ಅಂತ ತಾನೇ ನಾನು ಬಂದಿದ್ದು? ಎದೆಮಟ್ಟಕ್ಕೆ ಸಿಲಿಂಡರ್ ಯಾಕೆ ಬೇಕು ಮಾವ?" ಎಂದು ಕೂಗಾಡಿದೆ. ಅವನು ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡ.

ಬಂದದ್ದಕ್ಕೆ ಇಳಿದೆ, ಹಟಕ್ಕೆ. ಕಾಲಿಟ್ಟ ಕೂಡಲೇ ತಳದ ಹೂಳು ಎದ್ದಿತು. ಮೊಣಕಾಲೂರಿ ಕೂತು ಲೈಟು ಹಾಕಿದರೆ, ಬೆಳಕು ಹೂಳಿಗೆ ಬಡಿದು ಎದುರಿಗೆ ಬರೀ ಬೆಳ್ಳಗಿನ ಗೋಡೆ. ಬೆಳಕು ಹೆಚ್ಚು ಮಾಡಿದಷ್ಟೂ ಗೋಡೆ ಇನ್ನಷ್ಟು ಬೆಳ್ಳಗಾಯಿತು. ಚಾಚಿದ ನನ್ನ ಕೈಯೇ ನನಗೆ ಕಾಣಲಿಲ್ಲ. ಲೈಟು ನೀರು ತಡೆಯುತ್ತದೋ ಇಲ್ಲವೋ, ಮನೆಯ ಸಂಪಿನಲ್ಲಿ ಗೊತ್ತಾದಷ್ಟೇ ಇಲ್ಲೂ ಗೊತ್ತಾಯಿತು. ಐದು ನಿಮಿಷಕ್ಕೆ ಎದ್ದು, ಅಷ್ಟೂ ಭಾರ ಹೊತ್ತು ಚಪ್ಪಡಿಗಳನ್ನು ಹತ್ತಿಕೊಂಡು ಬಂದೆ. ಮೂಗಿನೊಳಗೆಲ್ಲ ಕೆಸರಿನ ವಾಸನೆ. ಅಳು ಬರುವಷ್ಟು ಸಿಟ್ಟು.

"ಯಾಕಿಂಗ್ ಮಾಡ್ದೆ ಮಾವ? ನಂಗೆ ಈಜು ಬರುತ್ತೆ ಅಂತ ನಿಂಗೊತ್ತಿಲ್ವಾ?"

"ನಿಂಗೆ ಬತ್ತದೆ" ಎಂದ. ಆಮೇಲೆ ಬಾವಿಯ ಕಡೆ ನೋಡುತ್ತಾ, "ನಂಗೆ ಬರಾಕಿಲ್ಲ ಕಣಮ್ಮ" ಎಂದ.

ನನಗೆ ತಕ್ಷಣ ಅರ್ಥವಾಗಲಿಲ್ಲ. ಅರ್ಧ ಊರಿಗೆ ಈಜು ಕಲಿಸಿದವನು ಇವನು.

"ಹಗ್ಗ ಇಡ್ಕಂಡು ಕೂಗ್ತಿದ್ದೆ, ಅಷ್ಟೇಯ. ನೀರಿಗೆ ಒಂದಿನಾನೂ ಇಳ್ದೋನಲ್ಲ. ನಿಂಗೇನಾರ ಆದ್ರೆ ಎಂಗ್ ಎತ್ಲಿ? ಎದೆಮಟ್ಟ ಇದ್ರೆ ನಾನೂ ನಡ್ಕಂಡೋಗಿ ಎತ್ಕಬೋದು ಅಂತ ಅಳತೆ ನೋಡಿ ನಿಲ್ಸಿದೀನಿ."

ಅವನು ತೋರಿಸಿದ್ದು ತನ್ನ ಎದೆಯನ್ನು. ನನ್ನ ಸಿಟ್ಟು ಇಳಿಯಬೇಕಿತ್ತು. ಇಳಿಯಲಿಲ್ಲ. ನಲವತ್ತು ವರ್ಷದ ಹಿಂದಿನ ಸಿಟ್ಟೂ ಅದಕ್ಕೆ ಸೇರಿಕೊಂಡಿತು.

"ಹಂಗಾದ್ರೆ ಹುಡುಗರನ್ನ ಯಾಕೆ ಇಳಿಸ್ತಿದ್ದೆ? ನನ್ನ ಒಬ್ಬಳನ್ನೇ ಯಾಕೆ ಬೇಡ ಅಂದೆ?"

"ಎಲ್ರಿಗೂ ಬ್ಯಾಡ ಅಂತಾನೇ ಅಂದಿದ್ದೆ ಕಣಮ್ಮ. ಅವರ್ಯಾರೂ ಕೇಳ್ಲಿಲ್ಲ, ಬಿದ್ಬುಟ್ರು. ಅದ್ಕೇ ಹಗ್ಗ ತಂದೆ. ನೀನು ಮಾತ್ ಕೇಳ್ದೆ."

ಸಿಲಿಂಡರ್ ಎತ್ತಿ ಕಾರಿನಲ್ಲಿಟ್ಟೆ. ಲೈಟಿನ ಮೇಲಿನ ಕೆಸರು ಒರೆಸಿದೆ. ಅದರ ಬಗ್ಗೆ ಬೆಳಿಗ್ಗೆ ಎಷ್ಟು ಗೊತ್ತಿತ್ತೋ ಈಗಲೂ ಅಷ್ಟೇ ಗೊತ್ತಿತ್ತು.

"ಶನಿವಾರ ಸಮುದ್ರಕ್ಕೆ ಇಳೀತೀನಿ ಮಾವ" ಅಂದೆ.

"ಬ್ಯಾಡ ಕಣಮ್ಮ" ಅಂದ.

ನಾನು ಕಾರು ಸ್ಟಾರ್ಟ್ ಮಾಡಿದೆ.