ದಿಂಬಿನ ಮೇಲಿಟ್ಟ ಕೈ

ನನ್ನ ತಮ್ಮ ಕ್ಷೌರಿಕ. ಮೂವತ್ತು ವರ್ಷ ಒಂದೇ ಸಲೂನು, ಒಂದೇ ಕುರ್ಚಿ. ಕೂದಲು ಕತ್ತರಿಸುವುದಕ್ಕಿಂತ ಹೆಚ್ಚಾಗಿ ಗಿರಾಕಿಗಳ ಕಿವಿ ಕೊರೆಯುತ್ತಾನೆಂದು ಜನ ನಗುತ್ತಿದ್ದರು, ಅಷ್ಟು ಹರಟೆ. ಒಂದು ಬೆಳಿಗ್ಗೆ ಯಾರದೋ ಕೆನ್ನೆಗೆ ನೊರೆ ಹಚ್ಚುತ್ತಿದ್ದವನು ಅಲ್ಲೇ ಕುಸಿದ. ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿತ್ತಂತೆ. ಜೀವ ಉಳಿಯಿತು, ಬಲಗೈ ಬಿದ್ದುಹೋಯಿತು, ನಾಲಿಗೆ ತೊದಲಿತು.

ಅವನಿಗೆ ಹೆಂಡತಿಯಿಲ್ಲ, ನನಗೆ ಗಂಡನಿಲ್ಲ. ನನ್ನ ಮನೆಗೇ ಕರೆತಂದೆ. ವ್ಯಾಯಾಮಕ್ಕೆಂದು ಆಸ್ಪತ್ರೆಗೆ ಹೋದರೆ, ಅಲ್ಲಿನ ಫಿಸಿಯೊಥೆರಪಿ ಹುಡುಗಿ ಅವನ ಎಡಗೈಗೆ ದಪ್ಪ ಗವಸು ತೊಡಿಸಿ, ಬಟ್ಟಲಲ್ಲಿದ್ದ ಅಂಗಿಯ ಗುಂಡಿಗಳನ್ನು ಬಲಗೈಯಿಂದಲೇ ಹೆಕ್ಕಲು ಹೇಳಿದಳು. ಒಂದೂ ಬರಲಿಲ್ಲ. ತಮ್ಮ ಗೊಳೋ ಎಂದು ಅತ್ತ. ನನಗೆ ಮೈಯೆಲ್ಲ ಉರಿಯಿತು.

“ಚೆನ್ನಾಗಿರೋ ಕೈನೂ ಕಟ್ಟಿಹಾಕ್ತೀಯಲ್ಲಮ್ಮ! ಗಾಯದ ಮೇಲೆ ಬರೆ ಎಳೀಬೇಕಾ?”

“ಬಿದ್ದ ಕೈಗೆ ಕೆಲಸ ಕೊಟ್ರೇನೇ ಮೆದುಳು ಬೇರೆ ದಾರಿ ಹುಡುಕೋದು ಅಮ್ಮ. ಮೊದಲ ತಿಂಗಳುಗಳು ತುಂಬ ಮುಖ್ಯ.”

ನಿನ್ನೆ ಮೊನ್ನೆ ಕಣ್ಣು ಬಿಟ್ಟವಳು ನನಗೆ ಬುದ್ಧಿ ಹೇಳುವುದೇ! ಮತ್ತೆ ಆ ಕಡೆ ತಲೆ ಹಾಕಲಿಲ್ಲ. ತಮ್ಮನನ್ನು ಅಂಗೈಯಲ್ಲಿಟ್ಟು ನೋಡಿಕೊಂಡೆ. ತುತ್ತು ನಾನೇ ಇಟ್ಟೆ, ಅಂಗಿ ನಾನೇ ತೊಡಿಸಿದೆ, ಗಡ್ಡವನ್ನೂ ನಾನೇ ಹೆರೆದೆ. ಕ್ಷೌರಿಕನ ಕೆನ್ನೆಯನ್ನೇ ಎರಡು ಸಲ ಕೊಯ್ದೆ, ಅದು ಬೇರೆ ಮಾತು.

ಆರು ತಿಂಗಳ ಮೇಲೆ ಸಲೂನಿನ ಯಜಮಾನ ಬಂದ. “ಕುರ್ಚಿ ಹಾಗೇ ಇಟ್ಟಿದೀನಿ ಅಕ್ಕ. ಇವನು ಬರ್ತಾನಾ ಇಲ್ವಾ, ಒಂದು ಮಾತು ಹೇಳಿ.” ತಮ್ಮ ನನ್ನ ಮುಖ ನೋಡಿದ. ಮಾರನೇ ದಿನವೇ ಆಸ್ಪತ್ರೆಗೆ ಓಡಿದೆವು.

ಅದೇ ಹುಡುಗಿ. ಬಿಗಿದುಕೊಂಡಿದ್ದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದಳು.

“ಆಮೇಲೆ ಯಾವತ್ತೂ ಅಲುಗಲೇ ಇಲ್ವಾ?”

“ಅಲುಗ್ತಿತ್ತು,” ಎಂದೆ. “ಒಂದು ತಿಂಗಳಾದ್ಮೇಲೆ ಬೆರಳು ಆಡಿಸ್ತಿದ್ದ, ಲೋಟಕ್ಕೆ ಕೈ ಚಾಚ್ತಿದ್ದ. ‘ಸುಮ್ನಿರೋ, ನಾನಿಲ್ವಾ’ ಅಂತ ನಾನೇ ಕೈ ಎತ್ತಿ ದಿಂಬಿನ ಮೇಲೆ ಇಡ್ತಿದ್ದೆ.”

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಈಗಲೂ ಸ್ವಲ್ಪ ಬರಬಹುದು ಅಮ್ಮ, ಚಮಚ ಹಿಡಿಯೋಷ್ಟು. ಕತ್ತರಿ ಮಾತ್ರ... ಆಸೆ ಇಟ್ಕೋಬೇಡಿ.”

ತಮ್ಮನ ಅನ್ನವನ್ನು ಕಿತ್ತುಕೊಂಡವಳು ನಾನೇ. ಮನೆಗೆ ಬಂದು ಊಟದ ತಟ್ಟೆ ಮುಂದಿಟ್ಟು, ಅವನ ಬಲಗೈಗೆ ಚಮಚ ಕೊಟ್ಟೆ. ಜಾರಿ ನೆಲಕ್ಕೆ ಬಿತ್ತು.

“ಎತ್ಕೊಳ್ಳೋ, ನಿನ್ನ ಕಾಲಿಗೆ ಬೀಳ್ತೀನಿ, ನೀನೇ ಎತ್ಕೊ,” ಎಂದೆ.

ಅವನು ಬಗ್ಗಲಿಲ್ಲ. ನನ್ನ ಕಡೆ ತಿರುಗಿ, ಬಾಯಿ ತೆರೆದು ಕಾಯುತ್ತ ಕುಳಿತ.