ದಂಡೆಯ ಬಟ್ಟಲು ನೀರು

ರಾನ್ ಸುಯೇಯನ್ನು ತಕ್ಕಡಿಗೆ ಹಾಕಿದರೆ ಬೆನ್ನುಬುಟ್ಟಿ ಸೇರಿ ನಲವತ್ತೈದು ಕಿಲೋ ತೂಗಿಯಾಳು. ವಯಸ್ಸು ಎಪ್ಪತ್ತೊಂದು, ಹಲ್ಲು ಹನ್ನೊಂದು, ಮೊಣಕಾಲು ಎರಡೂ ಗಟ್ಟಿ, ಬಾಯಿ ಅದಕ್ಕಿಂತ ಗಟ್ಟಿ. ಚೌಕಾಸಿಗೆ ಬಗ್ಗುವ ಸರಕಲ್ಲ. ಎನ್‌ಷಿ ಸೀಮೆಯ ನಮ್ಮ ತುಜಿಯಾ ಜನರ ಕಣಿವೆಯಲ್ಲಿ ಉಳುಕಿದ ಕಾಲು, ಜಜ್ಜಿದ ಕೈ ಎಲ್ಲ ಮೊದಲು ಬರುತ್ತಿದ್ದುದು ಅವಳ ಬೆಂಕಿಗುಂಡಿಯ ಬಳಿಗೆ.

ಅವಳ ಹೆಸರು ನಿಂತದ್ದು ಒಂದು ಬೇರಿನ ಮೇಲೆ. ಗೆಣ್ಣಿಗೊಂದು ಪುಟ್ಟ ಬಟ್ಟಲಿನಂಥ ಕುಳಿಯಿರುವ ಆ ಬೇರಿಗೆ ‘ದಂಡೆಯ ಬಟ್ಟಲು ನೀರು’ ಅನ್ನುತ್ತೇವೆ. ವಿಷದ್ದು. ಅವಳು ಜೋಳದ ಸಾರಾಯಿಯಲ್ಲಿ ಅರೆದು ಊತದ ಮೇಲೆ ಹಚ್ಚುತ್ತಿದ್ದಳೇ ಹೊರತು ಯಾರಿಗೂ ಕುಡಿಸಿದವಳಲ್ಲ. ಎಲೆ ಬಾಡುವ ಮುಂಚೆ ಅಗೆಯುತ್ತಲೂ ಇರಲಿಲ್ಲ.

ಹೋದ ವಸಂತದಲ್ಲಿ ಆ ಬೇರನ್ನು ಪರೀಕ್ಷಿಸಲು ಪಟ್ಟಣದ ಪ್ರಯೋಗಾಲಯದಿಂದ ಮೌ ಎಂಬ ವಿಜ್ಞಾನಿ ಹುಡುಗಿ ಬಂದಳು. ಅವಳ ವರದಿ ಸರಿಯಾಗಿ ಬಂದರೆ ಸುಯೇ ಅರ್ಜಿ ಹಾಕಿದ್ದ ನಾಟಿವೈದ್ಯದ ಪರವಾನಗಿ ಸಿಗುತ್ತಿತ್ತು. ಇಲ್ಲದಿದ್ದರೆ ಇನ್ನು ಮದ್ದು ಅರೆಯುವ ಹಾಗಿಲ್ಲ.

“ಅಜ್ಜೀ, ಒಂದೇ ಒಂದು ಬೇರು ಕೊಡಿ.”

“ಎಲೆ ಬಾಡ್ಲಿ, ಕೊಡ್ತೀನಿ.”

“ಅದು ಯಾವಾಗ?”

“ಅದನ್ನ ಎಲೆನೇ ಕೇಳ್ಬೇಕವ್ವಾ. ಬಸ್ಸಿನ ಟೈಮ್ ಬೇಕಿದ್ರೆ ನಾನ್ ಹೇಳ್ತೀನಿ.”

ಮೌಗೆ ಅಷ್ಟು ಪುರುಸೊತ್ತಿರಲಿಲ್ಲ. ಕೆಳಗಿಳಿದು ನನ್ನ ಬೇರಿನಂಗಡಿಗೆ ಬಂದು ‘ಬಟ್ಟಲು ನೀರು’ ಕೇಳಿದಳು. ನಾವು ವ್ಯಾಪಾರಿಗಳು ಬಾಯಿ ಸವೆಯದಿರಲೆಂದು ‘ದಂಡೆಯ’ ಎಂಬುದನ್ನು ನುಂಗಿಯೇ ಮಾತಾಡುವುದು. ನುಂಗಿದರೆ ಅದು ಇನ್ನೊಂದು ಗಿಡದ ಹೆಸರೂ ಹೌದು: ಎಂಟು ಮೂಲೆಯ ಎಲೆ, ಅಂಥವೇ ಕುಳಿ, ವಿಷ ಮಾತ್ರ ಇನ್ನೂ ಜೋರು. ನಾನೇ ಅಗೆದು ಮೂಟೆ ಕಟ್ಟಿಟ್ಟಿದ್ದು ಅದು.

“ಅಜ್ಜಿ ಹಚ್ಚೋದು ಇದನ್ನೇ ತಾನೆ?” ಎಂದಳು.

“ಹೂಂ ಕಣಮ್ಮ,” ಎಂದು ಮೂಟೆಯಿಂದ ಒಂದು ಬೇರು ತೆಗೆದುಕೊಟ್ಟೆ. ಅಂಗಡಿಯಲ್ಲಿ ಜನ ತುಂಬಿದ್ದರು.

ಎಲೆ ಬಾಡುವ ಹೊತ್ತಿಗೆ ವರದಿ ಬಂತು. ರಾನ್ ಸುಯೇ ಬಳಸುವ ಬೇರು ಅಪಾಯಕಾರಿ, ಹಚ್ಚಲೂ ಕೂಡದು. ಅರ್ಜಿ ಅಲ್ಲಿಗೇ ನಿಂತಿತು. ಕಲ್ಲು ಹೊರುವ ಪೆಂಗ್ ಊದಿದ ಪಾದ ಎಳೆದುಕೊಂಡು ಅವಳ ಹೊಸ್ತಿಲವರೆಗೆ ಬಂದಿದ್ದ. ಹೆಂಡತಿ ಅವನ ತೋಳು ಹಿಡಿದು ಜಗ್ಗಿದಳು: “ಬಾರಯ್ಯಾ, ಇರೋ ಇನ್ನೊಂದು ಕಾಲೂ ಹೋದೀತು!” ಸುಯೇ ಅರೆಯುತ್ತಿದ್ದ ಕಲ್ಲನ್ನು ಮಗುಚಿಟ್ಟಳು.

ಮಾರನೆಯ ದಿನ ನನ್ನ ಅಂಗಡಿಗೆ ಬಂದಳು. ತಾನು ಅಗೆದು ಎಲೆಯಲ್ಲಿ ಸುತ್ತಿ ತಂದ ಹಸಿ ಬೇರನ್ನೂ ವರದಿಯ ಫೋಟೋವನ್ನೂ ಪಕ್ಕಪಕ್ಕ ಇಟ್ಟಳು.

“ತಮ್ಮಾ, ನಿಂದು ಹದ್ದಿನ ಕಣ್ಣು. ಇವೆರಡೂ ಒಂದೇನಾ?”

“ಫೋಟೋ ಮಸುಕಾಗಿದೆ ದೊಡ್ಡಮ್ಮ.”

“ತಕ್ಕಡಿ ಮುಳ್ಳು ಮಸುಕಾದ್ರೆ ಒರೆಸ್ಕೋತೀಯಲ್ಲ, ಇದನ್ನೂ ಒರೆಸಿ ನೋಡು.”

ಒರೆಸಲಿಲ್ಲ. ಹಿಂದೆ ಮೂವರು ಗಿರಾಕಿಗಳು ಕಿವಿ ನೆಟ್ಟಗೆ ಮಾಡಿಕೊಂಡು ನಿಂತಿದ್ದರು. ಅವರೆದುರು ಅವಳೇ ಹೇಳಿಬಿಡಬಹುದಿತ್ತು. ಆದರೆ ನಮ್ಮ ಮೂಲಿಕೆಯವರಲ್ಲಿ ಒಂದು ಕಟ್ಟುಪಾಡಿದೆ: ಬೇರಿನ ಹೆಸರನ್ನು ಅಗೆದವನೇ ಹೇಳಬೇಕು, ಬೇರೆಯವರು ಬಾಯಿ ಹಾಕಕೂಡದು. ಅವಳು ಬುಟ್ಟಿ ಬೆನ್ನಿಗೇರಿಸಿಕೊಂಡು ಹೋದಳು, ಬೇರನ್ನು ಅಲ್ಲಿಯೇ ಬಿಟ್ಟು.

ಅದೀಗ ಒಣಗಿ ಸುಕ್ಕಾಗಿದೆ. ಬರುವ ಸೋಮವಾರ ಅವಳ ಅರ್ಜಿಯ ಕೊನೆಯ ತೀರ್ಮಾನ. ಪ್ರಯೋಗಾಲಯಕ್ಕೆ ಹೋದ ಬೇರು ನಾನು ಅಗೆದದ್ದು, ಅದರ ಹೆಸರು ಬೇರೆ ಎಂಬ ಒಂದು ಮಾತಿನ ಸಾಲವನ್ನು ರಾನ್ ಸುಯೇಗೆ ನಾನು ಇನ್ನೂ ತೀರಿಸಬೇಕಾಗಿದೆ.