ಕರೆಂಟ್ ಪೆಟ್ಟಿಗೆ

ಡಿಗ್ರಿ ಮಾಡಿದ ಇಬ್ಬರು ಹೆಂಗಸರು ಒಂದು ಕಂಪ್ಯೂಟರನ್ನು ಪಾಲು ಮಾಡಿಕೊಂಡೆವು ಎಂದರೆ ಈಗಿನವರು ನಗುತ್ತಾರೆ. ನಗಲಿ. ನನಗೂ ನಗು ಬರುತ್ತದೆ, ಆದರೆ ಅರ್ಧಕ್ಕೆ ನಿಂತುಬಿಡುತ್ತದೆ.

ಹೊಳೆನರಸೀಪುರದ ಒಂದು ಹೈಸ್ಕೂಲಿನಲ್ಲಿ ನಾವಿಬ್ಬರೂ ಟೀಚರುಗಳು. ನಾನು ಕನ್ನಡ, ಅವಳು ಗಣಿತ. ನಾನು ಅದೇ ಊರಿನ ದೇವಸ್ಥಾನದ ಬೀದಿಯವಳು. ಅವಳು ಅರಕಲಗೂಡು ಕಡೆಯ ಹಳ್ಳಿಯವಳು, ಬೇಸಾಯದ ಮನೆ. ಅಮ್ಮ ತೀರಿಕೊಂಡ ಮೇಲೆ ಅಣ್ಣಂದಿರು ನಮ್ಮ ಮನೆಯನ್ನು ಮಾರಿದರು. ನಾನೊಂದು ಬಾಡಿಗೆ ಮನೆ ಹಿಡಿದೆ. ಅಷ್ಟು ದಿನ ಊರಿಂದ ಓಡಾಡಿಕೊಂಡಿದ್ದ ಅವಳು ಒಂದು ಟ್ರಂಕು, ಒಂದು ಚೀಲ ರಾಗಿಹಿಟ್ಟು ತಂದು ಜೊತೆಗೆ ಸೇರಿಕೊಂಡಳು. ಇಬ್ಬರಿಗೂ ಮದುವೆಯ ವಯಸ್ಸು ದಾಟಿತ್ತು, ಅಥವಾ ದಾಟಿತೆಂದು ಊರಿನವರು ತೀರ್ಮಾನ ಮಾಡಿ ಕೈತೊಳೆದುಕೊಂಡಿದ್ದರು. ನಾನು ಸಾರು ಮಾಡುತ್ತಿದ್ದೆ, ಅವಳು ಮುದ್ದೆ ಕಟ್ಟುತ್ತಿದ್ದಳು. "ಅಗೀಬ್ಯಾಡ ಕಣೆ, ನುಂಗು" ಎಂದು ನನಗೆ ಮುದ್ದೆ ಉಣ್ಣುವುದನ್ನು ಕಲಿಸಿದವಳೂ ಅವಳೇ.

ಎರಡು ಸಾವಿರದ ಆಸುಪಾಸಿನಲ್ಲಿ, ಇನ್ನು ಮುಂದೆ ಟೀಚರುಗಳೆಲ್ಲ ಕಂಪ್ಯೂಟರ್ ಕಲಿಯಲೇಬೇಕಂತೆ ಎಂಬ ಸುದ್ದಿ ಸ್ಟಾಫ್ ರೂಮಿಗೆ ಬಂತು. ಇಬ್ಬರೂ ಸೇರಿ ಹಾಸನದ ಅಂಗಡಿಯೊಂದರಲ್ಲಿ ಜೋಡಿಸಿಕೊಟ್ಟ ಕಂಪ್ಯೂಟರ್ ಕೊಂಡೆವು. ಅಂಗಡಿಯ ಕಡೆಯವರು ಬಂದು ವೈರುಗಳನ್ನೆಲ್ಲ ಸಿಕ್ಕಿಸಿದರು. "ಮೊದಲು ಕೆಳಗಿನ ಗುಂಡಿ ಒತ್ತಿ, ಆಮೇಲೆ ಮೇಲಿನದು" ಎಂದು ಹೇಳಿ ಹೋದರು. ಮೇಜಿನ ಕೆಳಗೆ ಸ್ಟೆಬಿಲೈಜರ್, ಅದರ ಪಕ್ಕದಲ್ಲಿ ಒಂದು ತಗಡಿನ ಪೆಟ್ಟಿಗೆ. ಎರಡಕ್ಕೂ ದಪ್ಪ ವೈರು, ಎರಡೂ ಗುಂಯ್ ಎನ್ನುತ್ತಿದ್ದವು. ಹಾಗಾಗಿ ಅದಕ್ಕೆ ನಾವು ಇಟ್ಟ ಹೆಸರು ಕರೆಂಟ್ ಪೆಟ್ಟಿಗೆ. ಬರೆದದ್ದು ಕಾಣುವುದು ಮೇಜಿನ ಮೇಲಿನ ಮಾನಿಟರಿನಲ್ಲಿ, ಆದ್ದರಿಂದ ಕಂಪ್ಯೂಟರ್ ಎಂದರೆ ಅದೇ.

ಪ್ರಶ್ನೆಪತ್ರಿಕೆ ಟೈಪ್ ಮಾಡಿ ಫ್ಲಾಪಿಯನ್ನು ಆ ಪೆಟ್ಟಿಗೆಯ ಬಾಯಿಗೇ ತುರುಕುತ್ತಿದ್ದೆವು. ಆಗಲಾದರೂ ಬುದ್ಧಿ ಬರಬೇಕಿತ್ತು. ಫ್ಲಾಪಿ ಇದಕ್ಕೇಕೆ ಹಾಕಬೇಕು ಎಂದು ಒಮ್ಮೆ ನಾನು ಕೇಳಿಯೂ ಕೇಳಿದೆ. "ಬಾಯಿ ಎಲ್ಲಾದ್ರೂ ಇರ್ಲಿ ಕಣೆ, ತಲೆ ಮೇಲ್ಗಡೆ ತಾನೇ ಇರಾದು?" ಎಂದಳು ಗಣಿತದ ಮೇಡಂ. ನಾನು ಒಪ್ಪಿಕೊಂಡೆ. ಅವಳು ಹೇಳಿದ್ದನ್ನೆಲ್ಲ ಒಪ್ಪಿಕೊಳ್ಳುವುದು ಆಗ ರೂಢಿಯಾಗಿಹೋಗಿತ್ತು. ಸಂಜೆ ಒಂದೇ ಮೇಜಿನ ಮುಂದೆ, ಅವಳು ಕುರ್ಚಿಯಲ್ಲಿ, ನಾನು ಸ್ಟೂಲಿನ ಮೇಲೆ, ಕಂಪ್ಯೂಟರಿನಲ್ಲಿ ಇಸ್ಪೀಟು ಆಡುತ್ತಿದ್ದೆವು. ಎಲೆ ಎಳೆಯುವುದು ಅವಳು, ತಪ್ಪು ಹುಡುಕುವುದು ನಾನು. ನನ್ನ ಜೀವನದಲ್ಲಿ ಅದಕ್ಕಿಂತ ನೆಮ್ಮದಿಯ ಸಂಜೆಗಳು ಇರಲಿಲ್ಲ.

ಆಮೇಲೆ ಅವಳಿಗೆ ಚನ್ನರಾಯಪಟ್ಟಣದಿಂದ ಸಂಬಂಧ ಬಂತು. ಗಂಡಿನ ಮೊದಲ ಹೆಂಡತಿ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಆತ ಸರ್ಕಾರಿ ಗುಮಾಸ್ತ, ಮೆತ್ತಗೆ ಮಾತಾಡುವ ಒಳ್ಳೆಯ ಮನುಷ್ಯ. ನನಗೆ ಸಿಟ್ಟು ಬಂದದ್ದೇ ಅದಕ್ಕೆ, ಬೈಯುವುದಕ್ಕೆ ಒಂದು ಕಾರಣವೂ ಸಿಗಲಿಲ್ಲ. ಮದುವೆಯಾಯಿತು. ಅಲ್ಲಿಯ ಸ್ಕೂಲಿಗೆ ವರ್ಗವೂ ಆಯಿತು.

ಹೊರಡುವ ದಿನ ಪಾತ್ರೆ ಪಗಡಗಳನ್ನು ಹಂಚಿಕೊಂಡೆವು. ಕೊನೆಗೆ ಉಳಿದದ್ದು ಕಂಪ್ಯೂಟರ್.

"ನೀನೇ ಮಡಿಕೊ" ಎಂದಳು.

"ಮದುವೆಗೆ ನಾನೇನೂ ಕೊಟ್ಟಿಲ್ಲ, ನೀನು ತಗೊಂಡು ಹೋಗು" ಎಂದೆ.

"ಅರ್ಧ ನಿಂದು ಕಣೆ."

"ಹಾಗಾದರೆ ಕಂಪ್ಯೂಟರ್ ನಿನಗೆ. ಈ ಮೇಜು, ಸ್ಟೆಬಿಲೈಜರ್, ಕರೆಂಟ್ ಪೆಟ್ಟಿಗೆ ನನಗಿರಲಿ. ಕರೆಂಟಿನ ವ್ಯವಸ್ಥೆ ನಿಮ್ಮನೆಯವರು ಹೇಗೂ ಮಾಡಿಸ್ತಾರಲ್ಲ."

ನ್ಯಾಯವಾಗಿ ಪಾಲಾಯಿತೆಂದು ಇಬ್ಬರಿಗೂ ಸಮಾಧಾನ. ಮಡಿಲಕ್ಕಿ ತುಂಬಿ, ಮಾನಿಟರಿಗೆ ಕುಂಕುಮವಿಟ್ಟು, ಅದನ್ನೂ ಕೀಬೋರ್ಡು ಮೌಸನ್ನೂ ಹಳೆಯ ದುಪ್ಪಟಿಯಲ್ಲಿ ಸುತ್ತಿ ಕಾರಿನ ಹಿಂದಿನ ಸೀಟಿನಲ್ಲಿ ಅವಳ ಪಕ್ಕಕ್ಕೇ ಕೂರಿಸಿದೆ. ಕಾರು ತಿರುವು ದಾಟುವವರೆಗೂ ಅವಳ ಒಂದು ಕೈ ಅದರ ಮೇಲಿತ್ತು.

ಹತ್ತು ಹದಿನೈದು ದಿನಗಳ ಮೇಲೆ ಮನೆ ಓನರ್ ಫೋನಿಗೆ ಅವಳ ಕರೆ ಬಂತು. "ಆನ್ ಏನೋ ಆಯ್ತದೆ ಕಣೆ, ದೀಪ ಮಿಣುಕ್ತದೆ, ಬರೀ ಕಪ್ಪು. ಎಲ್ಲಿ ಕೆಟ್ಟೋಯ್ತೋ!"

ಬಹುಶಃ ನಮ್ಮ ಕರೆಂಟ್ ಪೆಟ್ಟಿಗೆಯೇ ಬೇಕೇನೋ ಎಂದುಕೊಂಡು ಭಾನುವಾರ ಅದನ್ನು ಬಸ್ಸಿಗೆ ಹಾಕಿಕೊಂಡು ಹಾಸನದ ಅದೇ ಅಂಗಡಿಗೆ ಹೋದೆ. ವಿಷಯ ಕೇಳಿದ ಅಂಗಡಿಯವರು ಕೌಂಟರಿಗೆ ಕೈಯೂರಿಕೊಂಡು ನಕ್ಕರು. "ಅಯ್ಯೋ ಮೇಡಂ, ಎಲ್ಲಾ ಇದ್ರೊಳ್ಗೇ ಐತೆ ಕಣ್ರೀ. ನೀವು ಕೊಟ್ಟಿರಾದು ಬರೀ ಮಕ!"

ಪೆಟ್ಟಿಗೆಯ ಪಕ್ಕದ ತಗಡು ತೆಗೆದು ಒಂದೊಂದನ್ನೇ ತೋರಿಸಿದರು. ಅಡ್ಡಲಾಗಿ ಕೂತಿದ್ದ ಹಸಿರು ಹಲಗೆ ಮದರ್‌ಬೋರ್ಡ್, ಉಳಿದವರೆಲ್ಲ ಒಬ್ಬರಿಗೊಬ್ಬರು ಮಾತಾಡುವುದು ಅದರ ಮೂಲಕವೇ. ಅದರ ಮೇಲಿನ ಪುಟ್ಟ ಫ್ಯಾನಿನ ಅಡಿಯಲ್ಲಿರುವುದು ಪ್ರೊಸೆಸರ್, ಲೆಕ್ಕಾಚಾರವೆಲ್ಲ ಅದರದು, ಬೇಗ ಬಿಸಿಯಾಗುವ ಪ್ರಾಣಿ, ಅದಕ್ಕೇ ಫ್ಯಾನು. ಸ್ಕೇಲಿನ ತುಂಡಿನ ಹಾಗೆ ನೆಟ್ಟಗೆ ನಿಂತದ್ದು ರ‍್ಯಾಮ್. ಸದ್ಯಕ್ಕೆ ನಡೆಯುತ್ತಿರುವ ಕೆಲಸವನ್ನಷ್ಟೇ ಹಿಡಿದಿಟ್ಟುಕೊಳ್ಳುತ್ತದೆ, ಸ್ವಿಚ್ ಆರಿಸಿದರೆ ಎಲ್ಲ ಮರೆತುಬಿಡುತ್ತದೆ. ಮರೆಯದೆ ಉಳಿಸಿಕೊಳ್ಳುವುದು ಹಾರ್ಡ್ ಡಿಸ್ಕ್, ಪುಸ್ತಕದಷ್ಟು ಅಗಲದ ಭಾರದ ಡಬ್ಬಿ. ಹಿಂದಿನ ಮೂಲೆಯಲ್ಲಿ, ವೈರಿನ ಗೊಂಚಲು ಇಳಿಬಿಟ್ಟುಕೊಂಡಿದ್ದ ಇನ್ನೊಂದು ಸಣ್ಣ ಪೆಟ್ಟಿಗೆ. "ಕರೆಂಟ್ ಪೆಟ್ಟಿಗೆ ಅಂತ ಇದ್ರೆ ಇದೊಂದೇಯ" ಎಂದರು.

ಅಂಗಡಿಯ ಮಾನಿಟರು, ಕೀಬೋರ್ಡು ಸಿಕ್ಕಿಸಿದರು. ಗಳಿಗೆಯಲ್ಲಿ ಎಲ್ಲವೂ ಎದ್ದು ಕೂತಿತು. ನನ್ನ ಹಳಗನ್ನಡದ ಪ್ರಶ್ನೆಗಳು, ಅವಳ ಭಿನ್ನರಾಶಿಗಳು, ನಮ್ಮ ಇಸ್ಪೀಟು.

ನನಗೆ ನಾಚಿಕೆಯಾಗಬೇಕಿತ್ತು. ಆದದ್ದು ಖುಷಿ. ಅವಳ ಹತ್ತಿರ ಇರುವುದು ಬರೀ ಮುಖ, ಉಳಿದದ್ದೆಲ್ಲ ನನ್ನ ಹತ್ತಿರ. ಹಾಗಾದರೆ ಅವಳು ಬರಲೇಬೇಕು! ಊರಿಗೆ ಬಂದವಳೇ ಫೋನ್ ಮಾಡಿದೆ. "ಇಲ್ಲಿರುವ ಪೆಟ್ಟಿಗೆ ಬೇಕಂತೆ. ನೀನೇ ಬಾ, ಬಂದು ತಗೊಂಡು ಹೋಗು" ಎಂದೆ. ನಾನೇ ತರುತ್ತೇನೆ ಎನ್ನಲಿಲ್ಲ.

"ಬತ್ತೀನಿ ಕಣೆ" ಎಂದಳು.

ಗೌರಿ ಹಬ್ಬ ಕಳೀಲಿ ಎಂದಳು. ಆಮೇಲೆ ಪರೀಕ್ಷೆ ಮುಗೀಲಿ ಎಂದಳು. ಆಮೇಲೆ ಅತ್ತೆಗೆ ಹುಷಾರಿಲ್ಲ ಎಂದಳು. ಒಂದೂ ಸುಳ್ಳಲ್ಲ, ಅದು ನನಗೆ ಗೊತ್ತಿತ್ತು. ಭಾನುವಾರ ಬಂದರೆ ಸಾಕು, ನಾನು ಇಬ್ಬರಿಗಾಗುವಷ್ಟು ಸಾರು ಮಾಡುತ್ತಿದ್ದೆ. ಮುದ್ದೆ ಮಾತ್ರ ಮಾಡುತ್ತಿರಲಿಲ್ಲ, ನನ್ನ ಕೈಯಲ್ಲಿ ಅದು ಯಾವಾಗಲೂ ಗಂಟು. ಸೋಮವಾರವೂ ಅದೇ ಸಾರನ್ನು ಬಿಸಿ ಮಾಡಿಕೊಂಡು ಉಣ್ಣುತ್ತಿದ್ದೆ.

ಸ್ಕೂಲು ಬಿಟ್ಟು ಬಂದ ಮೇಲೆ ಮಾತಾಡುವುದಕ್ಕೆ ಯಾರೂ ಇರಲಿಲ್ಲ. ಒಂದು ಸ್ಕ್ರೂಡ್ರೈವರ್ ತಂದುಕೊಂಡೆ. ಪೆಟ್ಟಿಗೆ ಬಿಚ್ಚಿ ಧೂಳು ಒರೆಸುವುದು, ರ‍್ಯಾಮ್ ತೆಗೆದು ಮತ್ತೆ ಟಕ್ಕೆಂದು ಕೂರಿಸುವುದು, ಯಾವ ವೈರು ಎಲ್ಲಿಗೆ ಹೋಗುತ್ತದೆಂದು ಬೆರಳಿನಲ್ಲೇ ಹಿಡಿದು ನೋಡುವುದು. ತಿಂಗಳೊಪ್ಪತ್ತಿನಲ್ಲಿ ಅದರ ಒಳಗು ನನಗೆ ಅಡಿಗೆಮನೆಯಷ್ಟೇ ಪಾಠವಾಯಿತು. ಆಮೇಲೆ ಗುಂಡಿ ಒತ್ತುತ್ತಿದ್ದೆ. ಕುಯ್ ಎಂದು ಒಮ್ಮೆ ಕೂಗಿ ಫ್ಯಾನು ತಿರುಗಲು ಶುರುವಾಗುತ್ತಿತ್ತು. ನೋಡುವುದಕ್ಕೆ ಏನೂ ಇಲ್ಲ, ಬರೀ ಸದ್ದು. ಮನೆಯಲ್ಲಿ ಇನ್ನೊಂದು ಉಸಿರು ಇದ್ದ ಹಾಗೆ ಆಗುತ್ತಿತ್ತು. ಸ್ಟೂಲಿನ ಮೇಲೇ ಕೂತು ಪೇಪರು ತಿದ್ದುತ್ತಿದ್ದೆ. ಕುರ್ಚಿ ಖಾಲಿಯಿದ್ದರೂ ಅದರಲ್ಲಿ ಕೂರಬೇಕು ಎನಿಸುತ್ತಿರಲಿಲ್ಲ.

ಬೇಸಿಗೆ ರಜೆ ಬಂತು. ನನ್ನ ಹಟ ಮುರಿಯಿತು. ಅವಳಿಗೆ ಬರಲಾಗದಿದ್ದರೆ ನಾನೇ ಹೋಗಿ ಕೂಡಿಸಿಕೊಟ್ಟರಾಯಿತು, ಎಲ್ಲ ನನಗೇ ಗೊತ್ತಿದೆಯಲ್ಲ, ಪಕ್ಕದಲ್ಲಿ ಕೂತು ಒಂದಾಟ ಆಡಿಯೂ ಬರಬಹುದು ಎಂದುಕೊಂಡೆ. ಪೆಟ್ಟಿಗೆಯನ್ನು ಗೋಣಿಚೀಲದಲ್ಲಿ ಕಟ್ಟಿ ಚನ್ನರಾಯಪಟ್ಟಣದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಕಾಲ ಮೇಲಿಟ್ಟುಕೊಂಡೇ ಕೂತಿದ್ದೆ, ನೆಲಕ್ಕಿಟ್ಟರೆ ಹಾರ್ಡ್ ಡಿಸ್ಕ್ ಕುಲುಕುತ್ತದೆ.

ಬಾಗಿಲು ತೆರೆದವಳು ನನ್ನನ್ನು ತಬ್ಬಿಕೊಂಡಳು. ಸ್ವಲ್ಪ ದಪ್ಪಗಾಗಿದ್ದಳು, ಚೆನ್ನಾಗಿ ಕಾಣುತ್ತಿದ್ದಳು. ನಡುಮನೆಗೆ ಕಾಲಿಟ್ಟೆ. ಮೇಜಿನ ಮೇಲೆ ನಮ್ಮ ಮಾನಿಟರು ಬೆಳಗುತ್ತಿತ್ತು, ಅದರಲ್ಲಿ ಅರ್ಧ ಆಡಿದ ಇಸ್ಪೀಟು. ಕೆಳಗೆ ಹೊಸದೊಂದು ಪೆಟ್ಟಿಗೆ. ಅದರ ಮುಂದೆ ಎರಡು ಕುರ್ಚಿ.

"ಹೋದ ತಿಂಗಳು ಹಾಕಿಸಿದ್ವಿ ಮೇಡಂ" ಎಂದರು ಅವಳ ಗಂಡ, ಒಂದು ಕುರ್ಚಿಯನ್ನು ನನ್ನ ಕಡೆ ಎಳೆಯುತ್ತ. "ಪಿನ್ನು ಎಲ್ಲಾ ಒಂದೇ ಥರ ಇರುತ್ತಂತೆ. ಈ ಮಾನಿಟರು ಯಾವ ಪೆಟ್ಟಿಗೆಗಾದ್ರೂ ಸರಿಹೋಗುತ್ತೆ."

ಅದೊಂದು ನನಗೆ ಹೊಳೆದೇ ಇರಲಿಲ್ಲ. ಅಷ್ಟು ಬಿಚ್ಚಿದೆ, ಅಷ್ಟು ಕಟ್ಟಿದೆ, ಹಾಸನದಲ್ಲಿ ಅಂಗಡಿಯ ಮಾನಿಟರಿಗೆ ನನ್ನ ಪೆಟ್ಟಿಗೆ ಸರಿಹೋದದ್ದನ್ನು ಕಣ್ಣಾರೆ ನೋಡಿದೆ. ಆದರೂ ಹೊಳೆಯಲಿಲ್ಲ.

ಅವಳು ಕಾಫಿ ತಂದಳು. ಬಾಗಿಲ ಬಳಿ ಇಟ್ಟಿದ್ದ ಗೋಣಿಚೀಲವನ್ನು ಆಗ ನೋಡಿದಳು. "ಅದೇನೇ ಅದು?"

"ನಮ್ಮ ಹಳೇ ಪೆಟ್ಟಿಗೆ. ಹಾಸನಕ್ಕೆ ರಿಪೇರಿಗೆ ಒಯ್ಯುತ್ತಿದ್ದೆ. ದಾರಿಯಲ್ಲೇ ಅಲ್ಲವಾ, ನಿನ್ನನ್ನೂ ನೋಡಿಕೊಂಡು ಹೋಗೋಣ ಅಂತ ಇಳಿದೆ" ಎಂದುಬಿಟ್ಟೆ.

ಹೊಳೆನರಸೀಪುರದಿಂದ ಹಾಸನ ಒಂದು ದಿಕ್ಕು, ಚನ್ನರಾಯಪಟ್ಟಣ ಇನ್ನೊಂದು ದಿಕ್ಕು. ನಮ್ಮೂರ ಬಸ್ ಸ್ಟ್ಯಾಂಡಿನಲ್ಲಿ ವರ್ಷಗಟ್ಟಲೆ ಬಸ್ಸು ಕಾದವಳಿಗೆ ಅದು ಗೊತ್ತಿಲ್ಲದೆ ಇರುತ್ತದೆಯೇ? ಅವಳು ನನ್ನ ಮುಖವನ್ನೇ ನೋಡಿದಳು. ಅವಳ ಕಣ್ಣು ತುಂಬಿಬಂತು.

"ಹೂಂ ಕಣೆ, ದಾರೀಲೇ ಅಲ್ವಾ" ಎಂದು ನನ್ನ ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸಿದಳು.